ಬಸ್ ನಿಲ್ದಾಣದಲ್ಲಿ ಕಾದವರು

ತಾರೀಖು ಹನ್ನೊಂದು, ಸೋಮವಾರ. ಬೆಳಿಗ್ಗೆ 10.20ಕ್ಕೆ ಠಾಣೆಯೊಳಗೆ ಕಾಲಿಟ್ಟ ಹೆಂಗಸಿನ ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಅವಳು ಅಳುತ್ತಿರಲಿಲ್ಲ. ಸಿಟ್ಟಿಗೆ ಗಲ್ಲ ಅದುರುತ್ತಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಕಾರು ಕಲಿಸುತ್ತಿದ್ದವಳು, ವಯಸ್ಸು ಮೂವತ್ತನಾಲ್ಕು.

ಠಾಣೆಯ ಬರಹಗಾರ ಪೆನ್ನು ಎತ್ತಿಕೊಂಡ. "ಯಾರು ಹೊಡೆದದ್ದು?"

"ಯಾರೋ ಗೊತ್ತಿಲ್ಲ."

"ಗೊತ್ತಿಲ್ಲದವನು ಯಾಕಮ್ಮ ಹೊಡೀತಾನೆ?"

"ನಾನು ಅವನ ಜೊತೆ ಎಂಟು ತಿಂಗಳು ಪ್ರೀತಿ ಮಾತಾಡಿ ಮೋಸ ಮಾಡಿದೆನಂತೆ. ಫೋನಲ್ಲಿ ನನ್ನ ಫೋಟೋ ತೋರಿಸಿದ. ಮುಖ ನಂದೇ. ಹಾಕಿದ್ದು ನಾನಲ್ಲ."

ಬರಹಗಾರ ತುಟಿಯಂಚಿನಲ್ಲೇ ನಕ್ಕ. "ಈ ಡೇಟಿಂಗು ಗೀಟಿಂಗು ಎಲ್ಲ ಯಾಕೆ ಬೇಕಿತ್ತಮ್ಮ..."

ಒಳಗಿನ ಕೋಣೆಯ ಬಾಗಿಲು ತೆರೆದುಕೊಂಡಿತು. ಇನ್‌ಸ್ಪೆಕ್ಟರ್ ಮೇಡಂ ಹೊಸ್ತಿಲಲ್ಲಿ ನಿಂತಿದ್ದರು. ಬೆನ್ನ ಹಿಂದೆ ಇಡೀ ಠಾಣೆ ಅವರನ್ನು 'ಕೆಂಡ' ಎನ್ನುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

"ಅವರು ಹಾಕಿಲ್ಲ ಅಂದದ್ದು ಕಿವಿಗೆ ಬೀಳಲಿಲ್ವಾ? ಹೇಳಿದ್ದನ್ನ ಬರಿ. ನಗೋದು ಮನೆಗೆ ಹೋಗಿ ನಗು."

ಬರಹಗಾರನ ನಗು ಎಲ್ಲಿ ಹೋಯಿತೋ ಏನೋ. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ನಡೆದದ್ದು ಇಷ್ಟು. ಬೆಳಿಗ್ಗೆ ಎಂಟೂವರೆಗೆ ಅರವತ್ತು ದಾಟಿದ ಅಜ್ಜಿಯೊಬ್ಬರು ಸ್ಟೀರಿಂಗ್ ಹಿಡಿದಿದ್ದರು. ಕಲಿಸುವವಳು ಪಕ್ಕದ ಸೀಟಿನಲ್ಲಿದ್ದಳು. ಸಿಗ್ನಲ್ಲಿನಲ್ಲಿ ಬೈಕೊಂದು ಬಂದು ನಿಂತಿತು, ಕಿಟಕಿಯೊಳಗೆ ಕೈ ನುಗ್ಗಿತು, ಕೆನ್ನೆಗೆ ಬಿತ್ತು. ಅಜ್ಜಿಯ ಕಾಲು ಗಾಬರಿಗೆ ಆಕ್ಸಿಲರೇಟರ್ ಒತ್ತಿ, ಕಾರು ಫುಟ್‌ಪಾತ್ ಹತ್ತಿ ಕಂಬಕ್ಕೆ ಗುದ್ದಿತು. ಅಷ್ಟರ ನಡುವೆಯೂ ಅಜ್ಜಿ ಬೈಕಿನ ನಂಬರ್ ನೋಡಿಟ್ಟುಕೊಂಡಿದ್ದರು.

ಹೀಗೆ ಬಂದವರಲ್ಲಿ ಇವನು ಮೂರನೆಯವನು. ಮೊದಲಿಬ್ಬರು ದಾರಿಯಲ್ಲಿ ಕಾರಿನೊಳಗೆ ಅವಳ ಮುಖ ಗುರುತಿಸಿ, ಸ್ಕೂಲಿನ ಬಾಗಿಲಿಗೇ ಬಂದು ಕೂಗಾಡಿ ಹೋಗಿದ್ದರು. ಸ್ಕೂಲಿನ ಯಜಮಾನ ಹಣೆ ಗಂಟು ಹಾಕಿಕೊಂಡು ಹೇಳಿದ್ದ, "ಈ ತಿಂಗಳು ಮುಗಿಯೋದರೊಳಗೆ ಇದು ಇತ್ಯರ್ಥ ಆಗಬೇಕು. ಆಗಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋತೀನಿ. ಹೆಣ್ಣುಮಕ್ಕಳನ್ನ ಕಲಿಯೋಕೆ ಕಳಿಸೋರು ನಿನ್ನ ಹೆಸರು ಕೇಳಿ ಹಿಂದೆ ಸರೀತಿದ್ದಾರೆ."

"ನಾನು ಏನು ತಪ್ಪು ಮಾಡಿದೆ ಮೇಡಂ?" ಎಂದಳು ಅವಳು. "ಮುಖ ಇಟ್ಕೊಂಡಿರೋದಾ?"

ಮೇಡಂಗೆ ಮೈಯೆಲ್ಲ ಉರಿದುಹೋಯಿತು.

ಬೈಕಿನವನನ್ನು ಮಧ್ಯಾಹ್ನ ಎರಡು ಗಂಟೆಗೆ ಕರೆತಂದರು. ಟೈಲ್ಸ್ ಅಂಗಡಿಯವನು, ನಲವತ್ತರ ಆಸುಪಾಸು. ಎಳೆದುಕೊಂಡು ಬಂದದ್ದು ಕಾನ್‌ಸ್ಟೆಬಲ್ ಉದ್ದಣ್ಣ. ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ಬರಬೇಕಾದ ಆಳು, ಹಾಗಾಗಿ ಆ ಹೆಸರು.

"ಮೋಸ ಹೋದವನು ನಾನು! ದೂರು ಕೊಡಬೇಕಾದವನು ನಾನು!" ಟೈಲ್ಸಿನವನು ಕುರ್ಚಿಯಿಂದ ಏಳಲು ನೋಡಿದ.

"ಕೂತ್ಕೋ. ಮೋಸ ಹೋದವನು ದೂರು ಕೊಡ್ತಾನೆ. ಕಿಟಕಿಯೊಳಗೆ ಕೈ ಹಾಕಿ ಹೊಡೆಯೋ ಹಕ್ಕು ಯಾರು ಕೊಟ್ಟದ್ದು ನಿನಗೆ? ಅವಳನ್ನ ಒಂದು ಸಲನಾದ್ರೂ ಭೇಟಿಯಾಗಿದ್ದೀಯಾ?"

"ಇಲ್ಲ."

"ಧ್ವನಿ ಕೇಳಿದ್ದೀಯಾ?"

"ಇಲ್ಲ. ಬರೀ ಮೆಸೇಜು."

"ಹಾಗಾದ್ರೆ ನೀನು ಹೊಡೆದದ್ದು ಒಂದು ಫೋಟೋಗೆ. ಕೆನ್ನೆ ಮಾತ್ರ ಬೇರೆಯವರದ್ದು."

ಅವನ ಮೇಲೂ ಪ್ರತ್ಯೇಕ ಪ್ರಕರಣ ಆಯಿತು. ಫೋನನ್ನು ಪಂಚರ ಎದುರು ವಶಕ್ಕೆ ತೆಗೆದುಕೊಂಡರು. ಅವಳ ಫೋಟೋ ಹಾಕಿದ ಖಾತೆ ಯಾರದ್ದೆಂದು ಕೇಳಿ ಡೇಟಿಂಗ್ ಆ್ಯಪಿನ ಕಂಪನಿಗೆ ಪತ್ರ ಹೋಯಿತು. ನಿಮ್ಮ ಕೋರಿಕೆ ತಲುಪಿದೆ, ನಲವತ್ತೈದು ದಿನದೊಳಗೆ ಉತ್ತರಿಸುತ್ತೇವೆ ಎಂದು ಯಂತ್ರ ಬರೆದ ಮರುಪತ್ರ ಬಂತು. ತಿಂಗಳು ಮುಗಿಯಲು ಉಳಿದದ್ದು ಹತ್ತೊಂಬತ್ತು ದಿನ. ಮೇಡಂ ಆ ಕಾಗದವನ್ನು ಫೈಲಿಗೆ ಸೇರಿಸಿ, ಎಂಟು ತಿಂಗಳ ಮೆಸೇಜುಗಳನ್ನು ಮೊದಲಿನಿಂದ ಓದಲು ಕುಳಿತರು.

ದುಡ್ಡು ಕೇಳಿದ್ದು ಒಂದು ಸಲವೂ ಇಲ್ಲ. ಉಡುಗೊರೆ ಬೇಡ ಎಂದೇ ಬರೆದಿತ್ತು. ಏಳು ತಿಂಗಳು ಸಕ್ಕರೆಯಂಥ ಮಾತು. ಕಳೆದ ತಿಂಗಳು ಹತ್ತೊಂಬತ್ತನೇ ತಾರೀಖು, ಮಧ್ಯಾಹ್ನ 1.15ಕ್ಕೆ ಹಳೆ ಮಾರುಕಟ್ಟೆಯ ಬಸ್ ನಿಲ್ದಾಣಕ್ಕೆ ಬಾ ಎಂಬ ಕರೆ. 1.50ಕ್ಕೆ ಕೊನೆಯ ಮೆಸೇಜು: "ಫೋಟೋದಲ್ಲಿ ತಲೆತುಂಬ ಕೂದಲಿತ್ತು. ಇಲ್ಲಿ ಬಿಸಿಲಿಗೆ ಬೋಳು ಹೊಳೀತಿದೆ. ಬೆಂಚಿನ ಮೇಲೆ ಕಾಲು ಯಾಕೆ ಅಲ್ಲಾಡಿಸ್ತಿದ್ದೀಯ? ಮನೆಗೆ ಹೋಗು."

"ನಿನ್ನ ಫೋಟೋ ಯಾವಾಗಿನದು?" ಎಂದು ಮೇಡಂ ಕೇಳಿದರು.

ಟೈಲ್ಸಿನವನು ಬೋಳು ಸವರಿಕೊಂಡ. "ಹನ್ನೆರಡು ವರ್ಷದ ಹಿಂದಿನದು."

ಅಂದರೆ ಇವನೂ ಸಾಚಾ ಅಲ್ಲ. ಆದರೆ ಮೇಡಂ ಬೆರಳಿಟ್ಟದ್ದು ಬೇರೆ ಮಾತಿನ ಮೇಲೆ. ಕಾಲು ಅಲ್ಲಾಡಿಸುವುದು ಕಾಣಬೇಕಾದರೆ ಬರೆದವರು ಅಲ್ಲೇ, ಕಣ್ಣಳತೆಯಲ್ಲೇ ಇರಬೇಕು.

ಹಿಂದೆ ಬಂದು ಕೂಗಾಡಿದ್ದ ಇಬ್ಬರೂ ಬುಧವಾರದ ಹೊತ್ತಿಗೆ ಸಿಕ್ಕರು. ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಜಿಮ್ಮಿನ ತರಬೇತುದಾರ. ಇಬ್ಬರನ್ನೂ ಕಾಯಿಸಿದ್ದು ಅದೇ ನಿಲ್ದಾಣದಲ್ಲಿ, ಒಂದರಿಂದ ಎರಡು ಗಂಟೆಯ ಒಳಗೆ. ಮೇಷ್ಟ್ರಿಗೆ, "ಎತ್ತರ ಆರಡಿ ಅಂದಿದ್ದೆ. ಕಸದ ಡಬ್ಬಿಗಿಂತ ಒಂದು ಗೇಣು ಜಾಸ್ತಿ ಇದ್ದೀಯ ಅಷ್ಟೇ" ಎಂದಿತ್ತು. ಜಿಮ್ಮಿನವನಿಗೆ ಬಂದದ್ದನ್ನು ಅವನು ತೋರಿಸಲು ಒಪ್ಪಲೇ ಇಲ್ಲ. ಉದ್ದಣ್ಣ ಫೋನು ಕಸಿದುಕೊಂಡು ಓದಿ, ನಗು ತಡೆಯಲಾರದೆ ಗೋಡೆ ಕಡೆ ತಿರುಗಿ ನಿಂತ.

ಮೂವರನ್ನೂ ಸೇರಿಸಿ ಒಂಬತ್ತು ಸಲ ಆ ಖಾತೆಯವರು ಭೇಟಿಯ ದಿನ ಗೊತ್ತು ಮಾಡಿ ಮುಂದೂಡಿದ್ದರು. ಯಾವ ದಿನವೂ ಮಂಗಳವಾರ ಇರಲಿಲ್ಲ.

ಗುರುವಾರ ಮಧ್ಯಾಹ್ನ ಮೇಡಂ ಮಫ್ತಿಯಲ್ಲಿ ಆ ಬೆಂಚಿನ ಮೇಲೆ ಕುಳಿತರು. ಬೆಂಚು ಕಾಣುವಂತೆ ಎದುರಿಗೆ ಹನ್ನೊಂದು ಕಿಟಕಿಗಳಿದ್ದವು. ಉದ್ದಣ್ಣ ಒಂದೊಂದೇ ಅಂಗಡಿಗೆ ಹೋಗಿ ವಾರದ ರಜೆ ಯಾವತ್ತೆಂದು ವಿಚಾರಿಸಿ ಬಂದ. ಮಂಗಳವಾರ ಬಾಗಿಲು ಹಾಕುವವು ಮೂರು: ಬೀಗದ ಅಂಗಡಿ, ಕನ್ನಡಕದ ಅಂಗಡಿ, ಫೋಟೋ ಸ್ಟುಡಿಯೋ.

ಮೇಡಂ ಠಾಣೆಗೆ ಮರಳಿ, ಕಾರು ಕಲಿಸುವವಳನ್ನು ಕರೆಸಿ, ಆ ಖಾತೆಯ ಫೋಟೋವನ್ನು ಅವಳ ಮುಖದ ಪಕ್ಕ ಹಿಡಿದರು. ಹಿನ್ನೆಲೆಯಲ್ಲಿ ಹೂದೋಟ. ಉಟ್ಟ ಬಟ್ಟೆ ಅವಳದ್ದಲ್ಲ. ಮುಖ ಅವಳದ್ದೇ. ಮೇಡಂ ತುಂಬ ಹೊತ್ತು ನೋಡಿದರು.

"ನಿಮ್ಮ ಬಲಗಿವಿ ಹಾಲೆ ಹರಿದಿದೆಯಲ್ಲ?"

"ಚಿಕ್ಕವಳಿದ್ದಾಗ ಓಲೆ ಬಾಗಿಲಿಗೆ ಸಿಕ್ಕಿ ಹರೀತು. ಯಾಕೆ?"

"ಇದರಲ್ಲಿ ಹರಿದಿಲ್ಲ."

ಮನೆಯ ಫೋಟೋಗಳನ್ನೆಲ್ಲ ತರಿಸಿದರು. ಎಲ್ಲದರಲ್ಲೂ ಹಾಲೆ ಎರಡು ಸೀಳು. ಕೊನೆಗೆ ಅವಳು ಕೈಚೀಲದಿಂದ ತರಬೇತುದಾರರ ಪರವಾನಗಿ ಕಾರ್ಡು ತೆಗೆದಳು. ಅದರಲ್ಲಿನ ಉಗುರಗಲದ ಫೋಟೋದಲ್ಲಿ ಕಿವಿ ನುಣ್ಣಗೆ ಕೂಡಿಕೊಂಡಿತ್ತು.

"ಇದನ್ನ ಎಲ್ಲಿ ತೆಗೆಸಿದ್ದು?"

"ಹಳೆ ಮಾರುಕಟ್ಟೆ ಎದುರಿನ ಸ್ಟುಡಿಯೋದಲ್ಲಿ. ಹೋದ ವರ್ಷ. ಕಿವಿ ತಿದ್ದಿ ಅಂತ ನಾನು ಹೇಳಿರಲಿಲ್ಲ. ನೋಡೇ ಇರಲಿಲ್ಲ ಕೂಡ."

ಸ್ಟುಡಿಯೋದಲ್ಲಿ ಕೆಲಸ ಮಾಡುವವರು ಇಬ್ಬರೇ. ಕೆಳಗೆ ಕ್ಯಾಮೆರಾ ಹಿಡಿಯುವ ಮುದುಕ ಮಾಲೀಕ, ಮೇಲಿನ ಕೋಣೆಯಲ್ಲಿ ಫೋಟೋ ತಿದ್ದುವ ಹೆಂಗಸು. ಮಾಲೀಕನಿಗೆ ಮೊಬೈಲಿನಲ್ಲಿ ಕರೆ ಸ್ವೀಕರಿಸುವುದೇ ಸರಿಯಾಗಿ ಬರುತ್ತಿರಲಿಲ್ಲ. ಹಿಡಿಯುವುದಾದರೆ ಬರೆಯುವ ಕೈಯನ್ನೇ ಹಿಡಿಯಬೇಕು ಎಂದು ಮೇಡಂ ನಿರ್ಧರಿಸಿದರು.

"ಉದ್ದಣ್ಣ, ನೀನೊಂದು ಖಾತೆ ತೆರಿ."

"ಅಯ್ಯೋ ಮೇಡಂ, ನನ್ನ ಹೆಂಡತಿ ಕೊಂದೇ ಹಾಕ್ತಾಳೆ."

"ಠಾಣೆ ಡೈರಿಯಲ್ಲಿ ಬರೆದು ಸಹಿ ಹಾಕ್ತೀನಿ. ಅದನ್ನ ತೋರಿಸು."

ಅವನು ಹಾಕಿದ್ದು ನೇಮಕಾತಿ ಹೊತ್ತಿನ ಫೋಟೋ. ಹದಿನಾರು ವರ್ಷದ ಹಿಂದಿನದು, ಕಡ್ಡಿಯಂಥ ಮೈ. ಇಡೀ ಠಾಣೆ ಚಹಾ ಲೋಟ ಹಿಡಿದು ಬಂದು ನೋಡಿ ಹೋಯಿತು. ಕಾರು ಕಲಿಸುವವಳ ಮುಖವಿದ್ದ ಖಾತೆಗೆ ಅವನು ಮೆಸೇಜು ಕಳಿಸಿದ, ಅದು ಎರಡೇ ದಿನದಲ್ಲಿ ಉತ್ತರಿಸಿತು. ಈಗ ಏಳು ತಿಂಗಳು ಕಾಯುವ ತಾಳ್ಮೆ ಅದಕ್ಕೂ ಇದ್ದಂತಿರಲಿಲ್ಲ. ಇಪ್ಪತ್ತೊಂದನೇ ತಾರೀಖು, ಗುರುವಾರ, 1.15ಕ್ಕೆ ಬಾ ಎಂದಿತು.

ಆ ದಿನ ಒಂದು ಗಂಟೆಗೇ ಮೇಡಂ ಇಬ್ಬರು ಪಂಚರನ್ನು ಕರೆದುಕೊಂಡು ಸ್ಟುಡಿಯೋಗೆ ಹೋದರು. ಮಾಲೀಕನಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿ, ಮೆಟ್ಟಿಲು ಹತ್ತಿ, ತೆರೆದ ಬಾಗಿಲ ಪಕ್ಕ ನಿಂತರು. ಒಳಗೆ ಕಿಟಕಿಗೆ ಮುಖ ಮಾಡಿ ಕುಳಿತಿದ್ದವಳ ಬೆನ್ನು ಕಾಣುತ್ತಿತ್ತು. ವಯಸ್ಸು ನಲವತ್ತಾರು ಎಂದು ಆಮೇಲೆ ಬರೆದುಕೊಂಡರು. ಮೇಜಿನ ಮೇಲೆ ಅರ್ಧ ತಿಂದ ಊಟದ ಡಬ್ಬಿ. ಕಂಪ್ಯೂಟರಿನಲ್ಲಿ ಯಾವುದೋ ಮಗುವಿನ ಮುಚ್ಚಿದ ಕಣ್ಣು ಅರ್ಧ ತೆರೆದಿತ್ತು. ಅವಳು ಅದನ್ನು ಬಿಟ್ಟು ಕೆಳಗಿನ ಬೆಂಚನ್ನೇ ನೋಡುತ್ತಿದ್ದಳು. ಬೆಂಚಿನ ಮೇಲೆ ಉದ್ದಣ್ಣ ಕೈಯಲ್ಲಿ ದಿನಪತ್ರಿಕೆ ಹಿಡಿದು ಕುಳಿತಿದ್ದ.

1.38. ಅವಳು ಫೋನೆತ್ತಿಕೊಂಡು ಟೈಪ್ ಮಾಡತೊಡಗಿದಳು. ಮೇಡಂ ಎರಡು ಹೆಜ್ಜೆ ಮುಂದೆ ಹೋಗಿ ಅವಳ ಭುಜದ ಮೇಲಿಂದ ಓದಿದರು: "ಫೋಟೋದಲ್ಲಿ ಈ ಹೊಟ್ಟೆ ಎಲ್ಲಿ ಬಚ್ಚಿಟ್ಟಿದ್ದೆ?"

ಕೆಳಗೆ ಉದ್ದಣ್ಣ ಜೇಬಿಗೆ ಕೈ ಹಾಕಿದ. ಓದಿ, ಹೊಟ್ಟೆಯನ್ನು ಒಳಗೆಳೆದುಕೊಂಡ.

"ಫೋನ್ ಮೇಜಿನ ಮೇಲಿಡಿ," ಎಂದರು ಮೇಡಂ. "ಪೊಲೀಸ್."

ಅವಳು ಬೆಚ್ಚಲಿಲ್ಲ. ಫೋನನ್ನು ಊಟದ ಡಬ್ಬಿಯ ಪಕ್ಕ ಇಟ್ಟಳು.

"ಎಷ್ಟು ಜನರನ್ನ ಹೀಗೆ ಕಾಯಿಸಿದ್ದೀರಿ?"

"ಇಪ್ಪತ್ತಮೂರು. ಇವನೂ ಸೇರಿ."

"ದುಡ್ಡು?"

"ಒಂದು ಕಾಸೂ ಮುಟ್ಟಿಲ್ಲ. ಎಲ್ಲರೂ ಸುಳ್ಳು ಫೋಟೋ ಹಾಕಿದವರೇ ಮೇಡಂ. ಇಪ್ಪತ್ತು ವರ್ಷದಿಂದ ತಿದ್ದೋ ಕೆಲಸ ಮಾಡ್ತಿದ್ದೀನಿ, ಸುಳ್ಳು ಫೋಟೋ ನೋಡಿದ ತಕ್ಷಣ ಗೊತ್ತಾಗುತ್ತೆ. ಅಂಥವರನ್ನೇ ಆರಿಸ್ತಿದ್ದೆ. ಹೇಳಿದ ಹಾಗೇ ಬಂದು, ಬಿಸಿಲಲ್ಲಿ ಕೂತು, ಆ ಕಡೆ ಈ ಕಡೆ ನೋಡ್ತಾರಲ್ಲ, ಅದನ್ನ ಇಲ್ಲಿಂದ ನೋಡಬೇಕಿತ್ತು ನನಗೆ. ಅಷ್ಟೇ."

2.10ರಿಂದ 3.25ರವರೆಗೆ ಪಂಚನಾಮೆ ನಡೆಯಿತು. ಕಂಪ್ಯೂಟರ್ ಒಂದು, ಫೋನ್ ಒಂದು. ಹೂದೋಟದ ಹಿನ್ನೆಲೆ ಒಂದು ಫೋಲ್ಡರಿನಲ್ಲಿತ್ತು, ಬೇರೆ ಯಾರದ್ದೋ ಉಡುಪು ಇನ್ನೊಂದರಲ್ಲಿ. ಮಾಲೀಕ ಮೆಟ್ಟಿಲ ಮೇಲೆ ಕುಳಿತು, "ಅಕ್ಕಾ, ಇದೇನು ಮಾಡಿಕೊಂಡೆ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೂ ಇಪ್ಪತ್ತು ವರ್ಷದಿಂದ ಹಾಗೇ ಕರೆಯುತ್ತಿದ್ದ.

ಫೋಟೋ ಗುರುತಿಸಲು ಠಾಣೆಗೆ ಕರೆದಾಗ ಕಾರು ಕಲಿಸುವವಳು ಓಡೋಡಿ ಬಂದಳು. ಕೆನ್ನೆಯ ಕೆಂಪು ಹೋಗಿತ್ತು. ಕಣ್ಣಿನ ಸಿಟ್ಟು ಒಂದು ಚೂರೂ ಹೋಗಿರಲಿಲ್ಲ.

"ನನ್ನ ಮುಖನೇ ಯಾಕೆ ಬೇಕಾಯ್ತು ನಿಮಗೆ?"

ತಿದ್ದುವವಳು ಮೊದಲ ಬಾರಿಗೆ ತಡವರಿಸಿದಳು. "ನೋಡೋಕೆ ಚೆನ್ನಾಗಿತ್ತು. ನಂಬೋ ಥರ ಇತ್ತು. ಕೆಟ್ಟದ್ದೇನೂ ಮಾಡಲಿಲ್ಲ, ಕಿವಿ ಕೂಡ ಸರಿಮಾಡಿ..."

"ಎಲ್-ಬೋರ್ಡ್ ಹಾಕಿದ ಕಾರು ನಿಮ್ಮ ಕಿಟಕಿ ಕೆಳಗೇ ದಿನಾ ಆರು ಸಲ ಹೋಗುತ್ತೆ! ಒಳಗೆ ನಾನು ಕೂತಿರ್ತೀನಿ. ಬೆಂಚಿನ ಮೇಲಿರೋ ಅಷ್ಟೂ ಗಂಡಸರ ಬೋಳು, ಹೊಟ್ಟೆ, ಎತ್ತರ ಕಂಡಿತು ನಿಮಗೆ. ನಾನೊಬ್ಬಳು ಕಾಣಲಿಲ್ವಾ? ಅವರೆಲ್ಲ ಎದ್ದು ಹೋದ ಮೇಲೆ ಅವರ ಸಿಟ್ಟು ಯಾರ ಮೇಲೆ ಹೋಗುತ್ತೆ ಅಂತ ಒಂದು ದಿನ ಹೊಳೀಲಿಲ್ವಾ?"



"ನೋಡಿದ್ದೆ," ಎಂದಳು ತಿದ್ದುವವಳು. "ನೀವೇ ಅಂತಾನೂ ಗೊತ್ತಿತ್ತು. ಹೋಗ್ಲಿ ಬಿಡು ಅಂದುಕೊಂಡೆ."

ಆ ಮಾತಿಗೆ ಕಾರು ಕಲಿಸುವವಳು ಕೈ ಎತ್ತಿದಳು. ಮೇಡಂ ತಡೆಯಲು ಏಳಲಿಲ್ಲ. ಎತ್ತಿದ ಕೈಯನ್ನು ಅವಳೇ ಇಳಿಸಿದಳು, ಹೇಳಿಕೆಗೆ ಸಹಿ ಹಾಕಿದಳು.

ಸಂಜೆ 5.10ಕ್ಕೆ ಬಂಧನ ದಾಖಲಾಯಿತು. 5.20ಕ್ಕೆ ಮೇಡಂ ಡ್ರೈವಿಂಗ್ ಸ್ಕೂಲಿನ ಯಜಮಾನನಿಗೆ ಫೋನ್ ಮಾಡಿದರು. ನಾಳೆ ಬೆಳಿಗ್ಗೆ ಕಾರು ಕಲಿಸುವವರು ಎಂದಿನಂತೆ ಕೆಲಸಕ್ಕೆ ಬರುತ್ತಾರೆ ಎಂದರು. ಜನ ಏನಂತಾರೋ ಎಂದು ಆತ ರಾಗ ಎಳೆದ. "ಜನ ಏನಂತಾರೆ ಅನ್ನೋದು ನೀವು ಏನು ಹೇಳ್ತೀರಿ ಅನ್ನೋದರ ಮೇಲಿದೆ. ಎಫ್‌ಐಆರ್ ಪ್ರತಿ ಕಳಿಸ್ತೀನಿ, ಬಾಗಿಲಿಗೆ ಅಂಟಿಸಿ. ಜೊತೆಗೆ ನಮ್ಮ ಬರಹಗಾರನೂ ಬರ್ತಾನೆ, ಅವನಿಗೆ ಕಾರು ಬರಲ್ಲ. ಯೂನಿಫಾರ್ಮಿನಲ್ಲೇ ಬಂದು ಅವರ ಹತ್ತಿರವೇ ಕಲೀತಾನೆ." ಬರಹಗಾರ ಏನೋ ಹೇಳಲು ಹೋಗಿ, ಮೇಡಂ ಮುಖ ನೋಡಿ, ತಲೆಯಾಡಿಸಿದ.

ಆಮೇಲೆ ಅವನು ಕಡತ ತೆರೆದ. "ಅಪರಾಧಕ್ಕೆ ಕಾರಣ ಅನ್ನೋ ಕಡೆ ಏನು ಬರೀಲಿ ಮೇಡಂ? ಹಣಕ್ಕಲ್ಲ. ಆ ಹೆಂಗಸಿನ ಮೇಲೆ ದ್ವೇಷವೂ ಇಲ್ಲ."

ಮೇಡಂ ಕುರ್ಚಿಗೆ ಒರಗಿದರು. ತಿದ್ದುವವಳು ಹೇಳಿಕೆಯ ಕೊನೆಗೆ ಹೇಳಿದ್ದು ಅವರ ಕಿವಿಯಲ್ಲಿತ್ತು. ಅದನ್ನು ಕೇಳಿದರೂ ಅವರ ಸಿಟ್ಟು ಇಳಿದಿರಲಿಲ್ಲ.

"ಬರಿ. ಆರೋಪಿಯು ಆರು ವರ್ಷದ ಹಿಂದೆ ತನ್ನದೇ ಫೋಟೋ ಹಾಕಿ ಖಾತೆ ತೆರೆದಿದ್ದಳು. ಊರಿನವರ ಮುಖವೆಲ್ಲ ತಿದ್ದುವವಳು ತನ್ನದನ್ನು ಮಾತ್ರ ತಿದ್ದಿರಲಿಲ್ಲ. ಒಬ್ಬ ಗಂಡಸು ಒಂದು ವರ್ಷ ಮಾತಾಡಿ, ಅದೇ ಬಸ್ ನಿಲ್ದಾಣಕ್ಕೆ ಬರಹೇಳಿದ. ಅವಳು ಎರಡು ಗಂಟೆ ಕಾದಳು. ಅವನು ದೂರದಿಂದಲೇ ನೋಡಿ, ಫೋಟೋದಲ್ಲಿದ್ದಷ್ಟೂ ಚೆನ್ನಾಗಿಲ್ಲ ಎಂದು ಬರೆದು ಹೊರಟುಹೋದ."

ಬರಹಗಾರ ಬರೆಯುತ್ತಿದ್ದವನು ತಲೆ ಎತ್ತಿದ. "ಹಾಗಾದ್ರೆ ಅವನನ್ನೇ ಹಿಡಿದು ಸೇಡು ತೀರಿಸಿಕೊಳ್ಳಬಹುದಿತ್ತಲ್ಲ?"

"ಅವನು ಯಾರಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆವತ್ತು ರಸ್ತೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದಳಂತೆ. ಅವನು ಹಾಕಿದ್ದ ಫೋಟೋದಲ್ಲಿದ್ದ ಮುಖ ಅಲ್ಲಿ ಯಾರಿಗೂ ಇರಲಿಲ್ಲ."

ಬರಹಗಾರ ಅದನ್ನೂ ಬರೆದು, ತಾರೀಖು ಹಾಕಿ, ಕಡತವನ್ನು ಸಹಿಗೆ ಮುಂದಿಟ್ಟ.