ಮೊನೆ ಮುರಿದ ಏಡಿಗಳು

"ಏಡಿಗೆ ಏನ ಹಾಕಿ ತರತೀರಿ? ಖರೇ ಹೇಳ್ರಿ."

ಉಗರಗೋಳದಲ್ಲಿ ಬಸ್ಸಿಳಿದ ನಿಲೋಫರ್ ಸಲಾಮನ್ನೂ ಮರೆತು ಕೇಳಿದಳು. ಟೆಂಪೋ ಒರೆಸುತ್ತಿದ್ದ ಶಾನವಾಜ ಗಾಬರಿಯಾದ. ಮಲಪ್ರಭೆಯ ಹಿನ್ನೀರಿನಲ್ಲಿ ಏಡಿ ಹಿಡಿದು, ಎರಡು ತಿಂಗಳಿಂದ ಅವಳ ಧಾರವಾಡದ ಲ್ಯಾಬಿಗೆ ಮುಟ್ಟಿಸುತ್ತಿದ್ದವನು ಅವನೇ.

"ಏನೂ ಹಾಕೂದಿಲ್ರಿ ಮ್ಯಾಡಮ್. ಒದ್ದಿ ಗೋಣಿಚೀಲ, ಅಷ್ಟ."

ಅವಳಿಗೆ ಅಳುವುದೊಂದು ಬಾಕಿ. ಏಡಿಯ ರಕ್ತಕಣದಲ್ಲಿ ಒಂದು ಪ್ರೋಟೀನ್ ಸುಮ್ಮನೆ ಕುಳಿತಿರುತ್ತದೆ. ರೋಗಾಣು ಹೊಕ್ಕರೆ ಅದಕ್ಕೊಂದು ಫಾಸ್ಫೇಟಿನ ಚೂರು ಅಂಟುತ್ತದೆ. ಆಗ ಎಚ್ಚೆತ್ತು ಮೈಕಾವಲಿಗೆ ಹುಕುಂ ಕೊಡುತ್ತದೆ. ಅಂಟಿದ್ದರೆ ಲ್ಯಾಬಿನ ಪರೀಕ್ಷೆಯ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ರೋಗಾಣು ಕೊಟ್ಟ ಏಡಿಗಳಲ್ಲಿ ಮಾತ್ರ ಮೂಡಬೇಕಿದ್ದ ಗೆರೆ, ಏನೂ ಕೊಡದವುಗಳಲ್ಲೂ ಮೂಡಿತ್ತು. ಅದೂ ಮೂರು ಸಲ. ಸೋಮವಾರದೊಳಗೆ ಸರಿಹೋಗದಿದ್ದರೆ ಈ ವಿಷಯವನ್ನೇ ಬಿಡು ಎಂದಿದ್ದರು ಗೈಡ್. ಮೂರು ವರ್ಷದ ದುಡಿಮೆ ನೀರುಪಾಲು!

"ನನ್ನ ಪಿಎಚ್‌ಡಿ ಹೋಗತೈತ್ರಿ. ಹೆಂಗ ಹಿಡೀತೀರಿ, ಮೊದಲಿಂದ ಹೇಳ್ರಿ."

ಕಲ್ಲಿನ ಸಂದಿ, ಬಲೆ, ಚೀಲ ಎಲ್ಲ ಹೇಳಿದ. ಆಮೇಲೆ ತಡವರಿಸಿದ. ಅವನ ಕಿವಿ ಕೆಂಪಾದವು.

"ಮುಂಗಾಲಿನ ಮೊನಿ... ಚೂರ ಮುರೀತಿದ್ನಿ."

"ಯಾಕ?"

"ಮೊದಲನೇ ಸಲ ನಿಮ್ಮ ಬೆರಳ ಕಚ್ಚಿ ರಕ್ತ ಬಂದಿತ್ತಲ್ರಿ. ನನಗ ನೋಡಾಕ ಆಗಲಿಲ್ಲ."

ಮೊಂಡಾದ ಮೊನೆಗಳನ್ನು ಅವಳೂ ಕಂಡಿದ್ದಳು, ಕಲ್ಲಿಗೆ ಸವೆದಿರಬೇಕೆಂದು ಬಿಟ್ಟಿದ್ದಳು. ಈಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಿಎಚ್‌ಡಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ರೋಗಾಣುನ ಬೇಕಂತಿಲ್ರಿ, ಗಾಯ ಆದ್ರೂ ಸಾಕು, ಏಡಿ ರಕ್ತದಾಗಿನ ಆ ಪ್ರೋಟೀನ್ ಎಚ್ಚರ ಆಗತೈತಿ," ಎಂದಳು ಮೆಲ್ಲಗೆ.

"ತಪ್ಪಾತ್ರಿ. ಈಗ ಹೋಗಿ ಮೊನಿ ಮುರೀದ ಹಿಡಕೊಂಡ ಬರತೇನಿ. ಆದ್ರ ಕಚ್ಚತಾವ್ರಿ."

"ಕಚ್ಚಲಿ ಬಿಡ್ರಿ," ಎಂದವಳು ಅವನ ಮುಖ ನೋಡಿದಳು. ಅವನೂ ನೋಡಿದ. ಇಬ್ಬರೂ ಒಟ್ಟಿಗೆ ಟೆಂಪೋದ ಗಾಲಿಯತ್ತ ಕಣ್ಣು ಹೊರಳಿಸಿದರು.

ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ. ಸೋಮವಾರ ಹೊಸ ಏಡಿಗಳ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದಳು. ಏನೂ ಕೊಡದ ಏಡಿಗಳ ಸಾಲು ಖಾಲಿ. ಪಕ್ಕದಲ್ಲಿ, ರೋಗಾಣು ಕೊಟ್ಟವುಗಳ ಸಾಲಿನಲ್ಲಿ, ಗೆರೆ ಕಡುಗಪ್ಪು!

ಗೈಡ್‌ಗೆ ಹೇಳುವ ಮೊದಲೇ ಫೋನ್ ಬೂತಿಗೆ ಓಡಿದಳು.

"ಸರಿ ಹೋತ್ರಿ!"

ಅತ್ತ ಶಾನವಾಜ ಉಸಿರುಬಿಟ್ಟದ್ದು ಕೇಳಿಸಿತು. "ಹಂಗಾರ ಇನ್ನ ಏಡಿ ಬ್ಯಾಡೇನ್ರಿ?" ದನಿ ಸಣ್ಣದಾಗಿತ್ತು.

ನಿಲೋಫರ್ ಕಣ್ಣುಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಶುಕ್ರವಾರ ನಿಮ್ಮ ಅಮ್ಮೀನ್ನ ಕರಕೊಂಡ ಬೈಲಹೊಂಗಲಕ್ಕ ನಮ್ಮ ಮನಿಗೆ ಬರ್ರಿ. ಅಬ್ಬಾನ ಮುಂದ ನಿಮ್ಮ ವಿಷಯ ಹೇಳೇನಿ."

ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಕೇಳಾಕತ್ತೀರೇನ್ರಿ?"

"ಹ್ಞೂಂ ರೀ... ಗುರುವಾರನ ಬಂದ್ರ ನಡೀತೈತೇನ್ರಿ?"