ಒಬ್ಬರಿಗೆ ಒಂದೇ ಕೂಪನ್

"ಫೋನಲ್ಲಿ ಕನ್ನಡ ಮಾತಾಡ್ತಿದ್ರಲ್ಲ... ಒಂದು ಉಪಕಾರ ಮಾಡ್ತೀರಾ? ಈ ಎಣ್ಣೆ ಪ್ಯಾಕೆಟ್ ಹಿಡ್ಕೊಂಡು ನನ್ನ ಹಿಂದೆ ನಿಲ್ಲಿ."

ನವರಂಗಪುರದ ಸೂಪರ್ ಮಾರ್ಕೆಟ್‌ನಲ್ಲಿ ಜನಾರ್ದನ ಮೇದಿನಿಗೆ ಹೇಳಿದ ಮೊದಲ ಮಾತು ಇದು. ಅವನ ಕೈಯಲ್ಲಿ ಪೇಪರಿನಿಂದ ಕತ್ತರಿಸಿದ ಎರಡು ಕೂಪನ್‌ಗಳಿದ್ದವು. ಒಬ್ಬರಿಗೆ ಒಂದೇ ಎಂಬುದು ಅಂಗಡಿಯ ನಿಯಮ.

"ನಾನ್ಯಾಕೆ ನಿಲ್ಲಲಿ?"

"ನಲವತ್ತು ರೂಪಾಯಿ ಉಳಿಯುತ್ತೆ. ಹೊರಗೆ ಇಬ್ರಿಗೂ ಚಹಾ ಆಗುತ್ತೆ."

ಎಂಥ ಮನುಷ್ಯ ಇವನು...

ಆದರೂ ನಿಂತಳು. ಕೌಂಟರಿನ ಗುಜರಾತಿಯವನು ಅಕ್ಕ ಎನ್ನುವಂತೆ, "ಬೆನ್, ಮೊಬೈಲ್ ನಂಬರ್?" ಎಂದಾಗ ತನ್ನದನ್ನು ಕೊಟ್ಟಳು. ಅಂದಿನಿಂದ ಜನಾರ್ದನನ ದಿನಸಿ ಬಿಲ್ಲೆಲ್ಲ ಅವಳ ನಂಬರಿಗೇ. ಖರೀದಿಗೆ ಅಂಗಡಿ ಕೊಡುವ ರಿಯಾಯಿತಿ ಪಾಯಿಂಟ್‌ಗಳೂ ಅವಳಿಗೇ.

ಅವನು ಬೈಂದೂರಿನವನು, ಚಿಕ್ಕಪ್ಪನ ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡುತ್ತಿದ್ದ. ಅವಳು ದಾವಣಗೆರೆಯವಳು, ವಿಮಾ ಕಚೇರಿಯಲ್ಲಿ ಕೆಲಸ. ಪರಿಚಯ ಪ್ರೀತಿಯಾಯಿತು; ಎರಡು ವರ್ಷ ಚೆನ್ನಾಗಿಯೇ ಕಳೆಯಿತು.

ಆಮೇಲೆ ಹುಡುಗನನ್ನು ನೋಡಲು ಮೇದಿನಿಯ ಅಪ್ಪ ಬಂದರು. ಲಕ್ಷ್ಮೀನಾರಾಯಣ, ನಿವೃತ್ತ ಬ್ಯಾಂಕ್ ಮ್ಯಾನೇಜರ್.

ಆ ಸಂಜೆ ಮೇದಿನಿ ಕಚೇರಿಯಿಂದ ನೇರ ಅಂಗಡಿಗೆ ಬಂದಳು. ಸಾಲಿನಲ್ಲಿ ಅಪ್ಪ ನಿಂತಿದ್ದರು. ಎದೆಗೆ ತೊಗರಿಬೇಳೆ ಪ್ಯಾಕೆಟ್, ಬೆರಳಲ್ಲಿ ಮೂವತ್ತು ರೂಪಾಯಿಯ ಕೂಪನ್. ಅವರ ಮುಂದೆ ಜನಾರ್ದನ, ಇನ್ನೊಂದು ಪ್ಯಾಕೆಟ್ ಹಿಡಿದು. ಹಿಂದೆ, ಸಾಮಾನು ಕೊಳ್ಳಲು ಬಂದಿದ್ದ ಅವಳ ಕಚೇರಿಯ ಮೇಲಧಿಕಾರಿ, ಇದನ್ನು ನೋಡಿ ನಗುತ್ತಾ.

ಅವಳು ನೇರ ಜನಾರ್ದನನ ಮುಂದೆ ಹೋಗಿ ನಿಂತಳು.

"ನಮ್ಮಪ್ಪನ್ನೂ ಕ್ಯೂನಲ್ಲಿ ನಿಲ್ಸಿದ್ಯಾ? ಮೂವತ್ತು ರೂಪಾಯಿಗೆ?"

ಜನಾರ್ದನ ಬಾಯಿ ತೆರೆದ. ಅಪ್ಪನ ಮುಖ ನೋಡಿದ. ಸುಮ್ಮನಾದ. ಅಪ್ಪ ಟ್ಯೂಬ್‌ಲೈಟ್ ನೋಡುತ್ತಿದ್ದರು.

"ನಿನಗೆ ಮನುಷ್ಯರು ಬೇಡ. ಕೂಪನ್ ಹಿಡ್ಕೊಳೋ ಕೈಗಳು ಸಾಕು. ಇನ್ಮೇಲೆ ಫೋನ್ ಮಾಡ್ಬೇಡ."

ಅವನು ಮಾಡಲಿಲ್ಲ. ಅವಳು ಸೂರತ್ತಿಗೆ ವರ್ಗ ಕೇಳಿ ಪಡೆದಳು.

ಅಲ್ಲಿಯ ಉಧ್ನಾ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಮೊದಲ ಭಾನುವಾರ ಫೋನ್ ಸದ್ದಾಯಿತು. 'ನವರಂಗಪುರ ಶಾಖೆ: ನಿಮಗೆ 7 ಪಾಯಿಂಟ್ ಸೇರಿದೆ.' ಅವನು ಇನ್ನೂ ಅವಳ ನಂಬರನ್ನೇ ಕೊಡುತ್ತಿದ್ದ!

ಮೊದಲು ಸಿಟ್ಟು ಬಂತು. ಕೆಲವು ತಿಂಗಳಲ್ಲಿ ಅದು ಕಾಯುವಿಕೆಯಾಯಿತು. ಒಂದು ಭಾನುವಾರ ಮೆಸೇಜ್ ಬರಲಿಲ್ಲ. ಜ್ವರವೇ? ಊರಿಗೆ ಹೋದನೇ? ಅವಳಿಗೆ ಊಟ ಸೇರಲಿಲ್ಲ. ಸೋಮವಾರ ಬಂತು, ನಾಲ್ಕು ಪಾಯಿಂಟ್.

ವರ್ಷದ ನಂತರ ದಾವಣಗೆರೆಗೆ ಹೋದಾಗ ಅಪ್ಪ ಅವರೆಕಾಯಿ ಬಿಡಿಸುತ್ತಾ ಕೇಳಿದರು.

"ಆ ಹುಡುಗ ಹೇಗಿದ್ದಾನೆ?"

"ಗೊತ್ತಿಲ್ಲ."

"ಅವತ್ತು ಅವನ ಕೈಯಿಂದ ಕೂಪನ್ ಕಿತ್ಕೊಂಡಿದ್ದು ನಾನೇ ಕಣಮ್ಮ. ನೀವು ಕೂತಿರಿ ಸಾರ್ ಅಂದ ಅವನು. ರಿಟೈರಾದ್ಮೇಲೆ ಯಾರೂ ನಂಗೊಂದು ಕೆಲಸ ಹೇಳಿರ್ಲಿಲ್ಲ... ಖುಷಿಯಾಗಿ ನಿಂತಿದ್ದೆ."

"ಅವತ್ತೇ ಯಾಕೆ ಹೇಳ್ಲಿಲ್ಲ ಅಪ್ಪ?"

"ನೀನು ಕೂಗಾಡ್ತಿದ್ದೆ. ಮುಜುಗರ ಆಯ್ತು. ಆಮೇಲೆ ತಡ ಆಗೋಯ್ತು."

ಅಪ್ಪನ ಮೇಲೆ ಸಿಟ್ಟಾಗುವುದು ಸುಲಭವಿತ್ತು. ಆದರೆ 'ಏನಾಯ್ತು?' ಎಂಬ ಒಂದು ಪ್ರಶ್ನೆಯನ್ನು ಅವಳೂ ಕೇಳಿರಲಿಲ್ಲ. ಗೊತ್ತಾದ ಮೇಲೂ ನಾಲ್ಕು ತಿಂಗಳು ಫೋನ್ ಮಾಡಲಿಲ್ಲ. ಯಾವ ಮುಖದಿಂದ ಮಾಡುವುದು?

ಒಂದು ಭಾನುವಾರ ಬೇರೆಯೇ ಮೆಸೇಜ್ ಬಂತು. 'ನಿಮ್ಮ 640 ಪಾಯಿಂಟ್ ಬಳಸಲು ಒಟಿಪಿ 4729. ಹತ್ತು ನಿಮಿಷ ಮಾತ್ರ.'

ಅವಳು ಎರಡು ಸಲ ಓದಿದಳು. ಪಾಯಿಂಟ್ ಖಾಲಿ ಮಾಡುತ್ತಿದ್ದಾನೆ. ಎಂದರೆ ಇದು ಕೊನೆ. ಮುಂದಿನ ಭಾನುವಾರ ಮೆಸೇಜ್ ಬರುವುದಿಲ್ಲ.

ಒಟಿಪಿ ಬೇಕಾದರೆ ಅವನೇ ಕೇಳಬೇಕು. ಎರಡು ನಿಮಿಷ. ಐದು. ಏಳು... ಫೋನ್ ಬರಲಿಲ್ಲ. ಮಾಡಬೇಡ ಎಂದಿದ್ದಳಲ್ಲ.

ಅವಳೇ ಮಾಡಿದಳು.

"ಹಲೋ," ಎಂದ ಅವನು. ಹಿಂದೆ ಯಾರೋ ಹಿಂದಿಯಲ್ಲಿ ಗದರುತ್ತಿದ್ದರು.

"ನಾಲ್ಕು, ಏಳು, ಎರಡು, ಒಂಬತ್ತು."

"ನಾನು ಕೇಳಿರ್ಲಿಲ್ಲ."

"ಮತ್ತೆ ಕೌಂಟರಲ್ಲಿ ಯಾಕೆ ನಿಂತಿದೀಯ?"

"ವಡೋದರಾಗೆ ಹೋಗ್ತಿದೀನಿ. ಅಲ್ಲೊಂದು ಸಣ್ಣ ಮೆಸ್ ಶುರು ಮಾಡ್ತೀನಿ. ಈ ಅಂಗಡಿ ಅಲ್ಲಿಲ್ಲ. ಪಾಯಿಂಟ್ ದಂಡ ಆಗುತ್ತಲ್ಲ ಅಂತ... ಒಟಿಪಿ ನಿಂಗೆ ಬರುತ್ತೆ ಅನ್ನೋದು ಮರ್ತಿದ್ದೆ."

"ಸುಳ್ಳು."

"ಹೌದು, ಸುಳ್ಳು."

"ಇಷ್ಟು ದಿನ ನಿನ್ನ ನಂಬರ್ ಯಾಕೆ ಕೊಡ್ಲಿಲ್ಲ?"

"ಫೋನ್ ಮಾಡ್ಬೇಡ ಅಂದಿದ್ದೆ ನೀನು. ಬಿಲ್ ಮಾಡಿಸ್ಬೇಡ ಅಂದಿರ್ಲಿಲ್ಲ."

ಅವಳಿಗೆ ನಗು ಬಂತು. ನಗು ಅಳುವಾಯಿತು.

"ಅಪ್ಪ ಎಲ್ಲ ಹೇಳಿದ್ರು, ಜನಾ. ನಾಲ್ಕು ತಿಂಗಳ ಹಿಂದೇನೇ. ನಾಚಿಕೆಗೆ ಸುಮ್ನಿದ್ದೆ. ತಪ್ಪು ನಂದು."

ಗದರುವ ದನಿ ದೂರವಾಯಿತು; ಅವನು ಸಾಲಿನಿಂದ ಆಚೆ ಬಂದಿದ್ದ.

"ಒಂದ್ಸಲ ಕೇಳಬಹುದಿತ್ತು ನೀನು."

"ಹೌದು. ಕೇಳಬೇಕಿತ್ತು."

ಹದಿನಾರು ತಿಂಗಳು ಹೋಗಿತ್ತು. ಅದನ್ನು ಇಬ್ಬರೂ ವಾಪಸು ತರಲಾರರು.

"ವಡೋದರಾದಲ್ಲಿ ದಿನಸಿ ಅಂಗಡಿ ನೋಡಿಟ್ಟಿದೀಯಾ?" ಎಂದಳು ಕೊನೆಗೆ.

"ಒಂದಿದೆ. ಅಲ್ಲೂ ಒಬ್ಬರಿಗೆ ಒಂದೇ ಕೂಪನ್."

"ಮುಂದಿನ ಭಾನುವಾರ ಬರ್ತೀನಿ. ನಿನ್ನ ಹಿಂದೆ ನಿಲ್ತೀನಿ."

"ಕೂಪನ್ ಇಲ್ಲದ ವಾರ?"

"ಆವಾಗ್ಲೂ ಬರ್ತೀನಿ."