ಕಲೆಯಿಲ್ಲದ ಕಡಲು

ಗೋಡೆಯಗಲದ ಪರದೆಯ ಮೇಲೆ ಭೂಮಿ ನಿಧಾನವಾಗಿ ಹೊರಳುತ್ತಿತ್ತು. ಅರಬ್ಬೀ ಸಮುದ್ರದ ಗಾಢ ನೀಲಿ, ಕರಾವಳಿಯ ಹಸಿರು ಅಂಚು, ಅದರುದ್ದಕ್ಕೂ ಬಿಳಿ ನೊರೆ. ಅಬ್ಬ, ಮುಟ್ಟಬೇಕೆನ್ನಿಸುವ ಚೆಲುವು! ಆ ಚೆಲುವಿನ ಎದುರಿನ ಬೆಂಚಿನಲ್ಲಿ ಮುಕಾಂಬು ಎರಡು ದಿನದಿಂದ ಕುಳಿತಿದ್ದಳು. ಕಡಲಿಗೆ ಹೋದ ಗಂಡ ಸಂಜೀವ ಮೊಗವೀರ ಹೊತ್ತಿಗೆ ಮರಳಿರಲಿಲ್ಲ.

ಹೊಸಬೆಂಗ್ರೆ ಬಂದರಿನ ಈ ಕಡಲ ಕಾವಲು ಕೇಂದ್ರಕ್ಕೆ ಚಿತ್ರ ಕಳಿಸುತ್ತಿದ್ದುದು ಕಕ್ಷಾನೇತ್ರ. ಭೂಮಿಯನ್ನು ಸುತ್ತುವ ಮಸೂರಗಳ ಸರವದು; ಹಗಲಿಡೀ ರೆಪ್ಪೆ ಮುಚ್ಚದೆ ಸಮುದ್ರವನ್ನು ನೋಡುತ್ತಿತ್ತು. ಸಣ್ಣ ದೋಣಿ ಅದಕ್ಕೆ ಕಾಣದು, ಹೊಗೆ ಕಾಣುತ್ತದೆ. ಅದನ್ನು ರೂಪಿಸಿದ ಡಾ. ನಿರಂಜನ ಹಂದೆ ಮೀನುಗಾರರ ಸಭೆಯಲ್ಲಿ ತಾವೇ ಹೇಳಿದ್ದರು: ಎಂಜಿನ್ ಕೆಟ್ಟರೆ ಇದ್ದಲ್ಲೇ ನಿಲ್ಲಿ, ಬಲೆ ಸುಟ್ಟು ಹೊಗೆ ಎಬ್ಬಿಸಿ, ಉಳಿದದ್ದು ಮೇಲಿನ ಕಣ್ಣಿಗೆ ಬಿಡಿ. ಮೊದಲೆಲ್ಲ ಒಂದು ದೋಣಿ ಬಾರದಿದ್ದರೆ ಬಂದರಿನ ಯಾವ ದೋಣಿಯೂ ಬಲೆ ಬೀಸುತ್ತಿರಲಿಲ್ಲ. ಎಲ್ಲವೂ ಹುಡುಕಲು ಹೊರಡುತ್ತಿದ್ದವು. ಕಣ್ಣು ಬಂದ ಮೇಲೆ ಆ ಕಟ್ಟಳೆ ತಾನಾಗಿಯೇ ಬಿದ್ದುಹೋಯಿತು. ಮೇಲಿನಿಂದ ನೋಡುವವರಿರುವಾಗ ಕೆಳಗೆ ಯಾರು ಮೈ ನೋಯಿಸಿಕೊಂಡಾರು?

“ಹೊಗೆ ಕಾಂತಿಲ್ಲೆ, ಡಾಕ್ಟ್ರೇ,” ಎಂದಳು ಮುಕಾಂಬು, ಪಕ್ಕದಲ್ಲಿ ನಿಂತಿದ್ದ ಹಂದೆಯವರಿಗೆ.

“ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲೇ ಅರ್ಥ, ಅಮ್ಮ. ಮೀನಿನ ಹಿಂದೆ ದೂರ ಹೋಗಿರಬೇಕು.”

“ಹೇಳ್ದೆ ಹೋಪವ್ರಲ್ಲ ಅವ್ರ್. ಹುಡುಕುಕೆ ಹೋಯ್ನಿ ಅಂತ ಎಲ್ರ್ ಕಾಲಿಗೂ ಬಿದ್ದೆ. ‘ಮೇಲಿನ ಕಣ್ಣಿಗೇ ಹೊಗೆ ಕಾಂತಿಲ್ಲೆ, ನೀ ಎಂತಕ್ಕೆ ಹೆದ್ರೂದ್’ ಅಂತ್ರ್.” ಅವಳು ಮತ್ತೆ ಪರದೆಯತ್ತ ತಿರುಗಿದಳು. “ಎಷ್ಟ್ ಚಂದ ಇತ್ತ್ ಮಾರ್ರೆ ನಮ್ ಕಡಲ್. ಒಂದ್ ಕಲೆ ಇಲ್ಲೆ.”

‘ಕಲೆ’ ಎಂಬ ಮಾತಿಗೆ ಹಂದೆ ತಟ್ಟನೆ ಪರದೆಯತ್ತ ತಿರುಗಿದರು.

ಅದೇ ಚಿತ್ರವನ್ನು ನಗರಗಳ ಲಕ್ಷಾಂತರ ಮನೆಯವರು ಅಂದಕ್ಕೆಂದು ಗೋಡೆಯ ಮೇಲೆ ಹಾಕಿಕೊಂಡಿದ್ದರು. ಕೇಂದ್ರ ನಡೆಯುತ್ತಿದ್ದುದೇ ಅವರ ಚಂದಾದಿಂದ. ನೀಲಿಯ ಮೇಲೆ ಕೊಳೆ ಕಾಣುತ್ತದೆಂದು ಅವರು ಗೊಣಗಿದಾಗ ಹಂದೆ ಕಳೆದ ತಿಂಗಳಷ್ಟೇ ಕಕ್ಷಾನೇತ್ರಕ್ಕೆ ‘ನಿರ್ಮಲಕ’ವೆಂಬ ಗಣಕಸೂತ್ರವನ್ನು ಜೋಡಿಸಿದ್ದರು. ಧೂಳು, ಮಬ್ಬು, ಎಣ್ಣೆಯ ಕಲೆ, ಎಲ್ಲವನ್ನೂ ಅದು ಒರೆಸಿ, ಆ ಜಾಗಕ್ಕೆ ಸುತ್ತಲಿನ ನೀಲಿಯನ್ನೇ ತುಂಬುತ್ತಿತ್ತು. ಹೊಗೆಯನ್ನು ಮುಟ್ಟಬೇಡ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಥೂ! ಅಷ್ಟು ಓದಿದವರಿಗೆ ಇಷ್ಟು ಹೊಳೆಯಬಾರದೆ?

ಅವರು ನಿರ್ಮಲಕವನ್ನು ನಿಲ್ಲಿಸಿ, ಉಪಗ್ರಹದಲ್ಲಿ ಉಳಿದಿದ್ದ ಮೂಲಚಿತ್ರಗಳನ್ನು ಇಳಿಸಿಕೊಂಡರು. ನೀಲಿ ಮಾಸಿತು. ಮೊನ್ನೆಯ ಚಿತ್ರದಲ್ಲಿ, ಭಟ್ಕಳದ ನೇರಕ್ಕೆ ಪಶ್ಚಿಮದಲ್ಲಿ, ಒಂದು ಕಪ್ಪು ಎಳೆಯಿತ್ತು. ನಿನ್ನೆಯದರಲ್ಲಿ ಅದು ಇನ್ನೂ ದಪ್ಪಗಿತ್ತು. ಇವತ್ತಿನದರಲ್ಲಿ ಏನೂ ಇರಲಿಲ್ಲ.

ಬಂದರಿನ ದೋಣಿಗಳೆಲ್ಲ ಒಡನೆಯೇ ಹೊರಟವು. ಮರುದಿನ ಅವು ತಂದದ್ದು ಒಬ್ಬನನ್ನು ಮಾತ್ರ: ಸಂಜೀವನ ದೋಣಿಯಲ್ಲಿ ಜೊತೆಗೆ ಹೋಗಿದ್ದ, ಈಗ ಹಲಗೆ ತಬ್ಬಿ ತೇಲುತ್ತಿದ್ದ ನಾಗ ಖಾರ್ವಿಯನ್ನು. ಆಸ್ಪತ್ರೆಯ ಮಂಚದ ಬಳಿ ಮುಕಾಂಬು ಕುಳಿತಳು. ಹಂದೆ ಒಳಗೆ ಬರಲಾರದೆ ಬಾಗಿಲಲ್ಲೇ ನಿಂತರು.

“ಸಿಡ್ಲ್ ಹೊಡ್ದ್ ಎಂಜಿನ್ನೂ ಹೋಯ್ತ್, ವೈರ್‌ಲೆಸ್ಸೂ ಹೋಯ್ತ್,” ಎಂದ ನಾಗ. “ಟರ್ಪಾಲನ್ನೇ ಹಾಯಿ ಮಾಡಿ ಕಟ್ಟಿ ದಡಕ್ಕೆ ಹೋಪ ಅಂದೆ. ಗಾಳಿಯೂ ಇತ್ತ್. ಸಂಜೀವಣ್ಣ ಬಿಡ್ಲಿಲ್ಲೆ. ‘ಇದ್ದಲ್ಲೇ ನಿಲ್ಲಿ ಅಂದಿರ್ ಡಾಕ್ಟ್ರ್’ ಅಂದ್ರ್. ಬಲೆ ಸುಟ್ಟಾಯ್ತ್, ಹಲ್ಗೆ ಸುಟ್ಟಾಯ್ತ್. ಕಡೆಗೆ ಬೆಂಕಿ ಡೀಸೆಲಿಗೇ ಹಿಡೀತ್.”

ಮುಕಾಂಬು ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿದಳು.

“ಹೆದ್ರಿದ್ರಾ ಅವ್ರ್?”

“ಇಲ್ಲೆ ಅತ್ಗೆ. ನಗಾಡ್ತಾ ಇದ್ರ್. ‘ಮುಕಾಂಬು ಪರದೆ ಎದ್ರ್ ಕೂತ್ಕಂಡ್ ನನ್ನೇ ನೋಡ್ತಾ ಇರ್ತ್ಳ್’ ಅಂದ್ಕಂಡ್ ಆಕಾಶಕ್ಕೆ ಮಕ ಮಾಡಿ ಕೈ ಬೀಸ್ತಾ ಇದ್ರ್.”

ಅವಳು ಬಾಗಿಲತ್ತ ತಿರುಗಿದಳು.

“ನೋಡ್ತಾ ಇದ್ದೆ ಅಲ್ದಾ, ಡಾಕ್ಟ್ರೇ?” ಎಂದಳು. “ನಾ ಅಲ್ಲೇ ನೋಡ್ತಾ ಇದ್ದೆ.”